ಒಂದೇ ಕೇಸು, ಮೂರು ತೀರ್ಪು

ಗಲ್ಲು ಬೇಕಾ, ಬೇಡ್ವಾ? ಭಾಗ 3

1993ರ ಏಪ್ರಿಲ್ 9. ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಪಾಲಾರ್‌ನಲ್ಲಿ ವೀರಪ್ಪನ್ ಗ್ಯಾಂಗ್ ನೆಲಬಾಂಬ್ ಸಿಡಿಸ್ತು. ಪೊಲೀಸರು, ಅರಣ್ಯ ಸಿಬ್ಬಂದಿ, ಜೊತೆಗಿದ್ದವರು ಸೇರಿ 22 ಜನ ಸತ್ತರು.

ಈಗ ತೀರ್ಪು ನೋಡಿ. 2001ರಲ್ಲಿ ಮೈಸೂರಿನ ಟಾಡಾ ಕೋರ್ಟ್ ನಾಲ್ವರಿಗೆ ಜೀವಾವಧಿ ಕೊಡ್ತು. ಅವರು ಮೇಲ್ಮನವಿ ಹಾಕಿದ್ರು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಗಲ್ಲಿಗೇರಿಸ್ತು! ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೂತು, 2013ರ ಫೆಬ್ರವರಿಯಲ್ಲಿ ತಿರಸ್ಕಾರ ಆಯ್ತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್, ಇಷ್ಟು ವಿಳಂಬವೂ ಹಿಂಸೆನೇ ಅಂತ ಮತ್ತೆ ಜೀವಾವಧಿಗೆ ಇಳಿಸ್ತು. ಆ ಒಂದೇ ತೀರ್ಪಿನಲ್ಲಿ ನೇಣಿಂದ ಪಾರಾದವರು 15 ಜನ.

ಗಲ್ಲು ಬೇಕು ಅನ್ನೋರ ಮಾತನ್ನ ತಳ್ಳಿಹಾಕೋಕಾಗಲ್ಲ. ಕಾಡಲ್ಲಿ ಡ್ಯೂಟಿಗೆ ಹೋದವರ ಜೀವಕ್ಕೆ ಬೆಲೆ ಇದೆ ಅಂತ ಸರ್ಕಾರ ತೋರಿಸಬೇಡ್ವಾ? ಆ 22 ಮನೆಗಳ ಕಣ್ಣೀರಿಗೆ ಯಾರು ಉತ್ತರ ಕೊಡ್ತಾರೆ?

ಆದ್ರೆ ಯೋಚಿಸಿ. ಈ ಹದಿಮೂರು ವರ್ಷದಲ್ಲಿ ಅಪರಾಧ ಬದಲಾಗಲಿಲ್ಲ, ಅಪರಾಧಿಗಳೂ ಬದಲಾಗಲಿಲ್ಲ. ಬದಲಾಗಿದ್ದು ಕೋರ್ಟಿನ ಮನಸ್ಸು, ಕಡತ ಕೂತ ಕಾಲ. ಅರ್ಜಿ ಬೇಗ ತಿರಸ್ಕಾರ ಆಗಿದ್ರೆ 2014ರ ತೀರ್ಪು ಕೇಳೋಕೆ ಆ ನಾಲ್ವರು ಬಹುಶಃ ಇರ್ತಿರಲಿಲ್ಲ.

ಬಿ.ಕಾಂ ಓದೋ ನಮಗೆ ಮೊದಲು ಹೇಳಿಕೊಡೋದೇ ಇದು: ಲೆಕ್ಕ ತಪ್ಪಿದ್ರೆ ತಿದ್ದೋ ಎಂಟ್ರಿ ಹಾಕಿ ಅಂತ. ನೇಣಿಗೆ ಆ ಎಂಟ್ರಿ ಇಲ್ಲ. ಅದಕ್ಕೇ ನನ್ನ ಓಟು ಜೀವಾವಧಿಗೆ. ಆ 22 ಮನೆಗಳಲ್ಲಿ ಒಂದು ನಿಮ್ಮದಾಗಿದ್ರೆ ನೀವು ಏನಂತಿದ್ರಿ?

#ಇತಿಹಾಸ #ಪಾಲಾರ್ #ರಾಜಾನುಕುಂಟೆ