ಮೀನುಗಿಡುಗದ ಅಟ್ಟಣೆಗಳು

ಅಮೇರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿ, ಕನೆಕ್ಟಿಕಟ್ ನದಿಯು ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲತೋಳನ್ನು ಸೇರುವಲ್ಲಿ, ಓಲ್ಡ್ ಲೈಮ್ ಎಂಬ ಊರಿನ ಮಗ್ಗುಲಿಗೆ ಗ್ರೇಟ್ ಐಲೆಂಡ್ ಎಂಬ ಜೌಗುದ್ವೀಪವೊಂದುಂಟು. ಹೆಸರಿಗೆ ಹಿರಿಯ ದ್ವೀಪ. ನೋಡಿದರೆ ಉಪ್ಪುನೀರಿನ ಹುಲ್ಲುಗಾವಲು. ಭರತದ ವೇಳೆ ನೀರು ತುಂಬಿ, ಇಳಿತದ ವೇಳೆ ಕೆಸರು ತೋರುವ ಈ ನೆಲದಲ್ಲಿ ಹೇಳಿಕೊಳ್ಳುವಂಥ ಮರಗಳಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಸ್ಪ್ರೇ ಎಂಬ ಮೀನುಗಿಡುಗಗಳು ಇಲ್ಲಿ ನೆರೆದು, ಮರ ಸಿಕ್ಕದಾಗ ಬರಿಯ ನೆಲದ ಮೇಲೆಯೇ ಕಡ್ಡಿಗಳ ರಾಶಿಯನ್ನು ಒಟ್ಟಿ ಮರಿಮಾಡುತ್ತಿದ್ದುವು.

ಈ ಹಕ್ಕಿಯು ಕನ್ನಡ ನಾಡಿಗೆ ಅಪರಿಚಿತವಲ್ಲ. ಉತ್ತರದ ಶೀತದೇಶಗಳಲ್ಲಿ ಹುಟ್ಟಿ, ಚಳಿಗಾಲದಲ್ಲಿ ಇಲ್ಲಿಯ ಅಳಿವೆಗಳಿಗೂ ಹಿರಿಯ ಕೆರೆಗಳಿಗೂ ಬಂದು ಹೋಗುವ ಅತಿಥಿ ಇದು; ಇಲ್ಲಿ ಗೂಡು ಕಟ್ಟದು. ಮೇಲೆ ಕಂದು, ಕೆಳಗೆ ಬಿಳುಪು, ಕಣ್ಣಿನ ಮೂಲಕ ಹಾದ ಕಪ್ಪು ಪಟ್ಟಿ. ಇದರ ಆಹಾರವೆಲ್ಲ ಮೀನೇ ಎಂದರೆ ತಪ್ಪಾಗದು. ಹೊರಬೆರಳನ್ನು ಹಿಂದಕ್ಕೆ ತಿರುಗಿಸಬಲ್ಲ ಕಾಲು, ಅಂಗಾಲಿನ ಮುಳ್ಳುಮುಳ್ಳಾದ ಚರ್ಮ, ಇವೆರಡೂ ಜಾರುವ ಮೀನನ್ನು ಹಿಡಿಯುವುದಕ್ಕೆಂದೇ ಒದಗಿದ ಸಾಧನಗಳು. ಮೀನನ್ನೇ ನಂಬಿದ ಈ ಜೀವನಕ್ರಮವೇ ಅದಕ್ಕೆ ಮುಂದೆ ಕಂಟಕವಾಯಿತು.

ಹಕ್ಕಿಗಾಗಿ ಕಂಬ ನೆಡುವ ಪದ್ಧತಿ ವಿಜ್ಞಾನಿಗಳದಲ್ಲ, ರೈತರದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ಕರಾವಳಿಯ ಒಕ್ಕಲಿಗರು ಹೊಲದ ಅಂಚಿನಲ್ಲಿ ಎತ್ತರದ ಕಂಬವನ್ನು ನೆಟ್ಟು, ಅದರ ತಲೆಯ ಮೇಲೆ ಹಳೆಯ ಗಾಡಿಯ ಚಕ್ರವನ್ನು ಅಡ್ಡಲಾಗಿ ಕೂರಿಸುತ್ತಿದ್ದರು. ಮೀನುಗಿಡುಗವು ಕೋಳಿಮರಿಯನ್ನು ಮುಟ್ಟುವುದಿಲ್ಲ; ಆದರೆ ತನ್ನ ಗೂಡಿನ ಬಳಿಗೆ ಬರುವ ಇತರ ಗಿಡುಗಗಳನ್ನು ಅಟ್ಟಿಬಿಡುತ್ತದೆ. ಹೀಗೆ ಕೂಲಿಯಿಲ್ಲದ ಕಾವಲುಗಾರನೊಬ್ಬನು ರೈತನಿಗೆ ದೊರೆತಂತಾಯಿತು. ಹೊಲ ಕಾಯುವ ಆಳಿಗೆ ಅಟ್ಟಣೆ ಕಟ್ಟಿಕೊಡುವ ನಾಡಿನವರಿಗೆ ಈ ಲೆಕ್ಕಾಚಾರ ಸುಲಭವಾಗಿ ತಿಳಿದೀತು.

1940ರ ಸುಮಾರಿಗೆ ನ್ಯೂಯಾರ್ಕಿನಿಂದ ಬಾಸ್ಟನ್ನಿನವರೆಗಿನ ಕಡಲಂಚಿನಲ್ಲಿ ಸಾವಿರದಷ್ಟು ಗೂಡುಗಳಿದ್ದುವೆಂದು ಅಂದಾಜು. ಪಕ್ಷಿಗಳನ್ನು ಗುರುತಿಸುವ ಕೈಪಿಡಿಯನ್ನು 1934ರಲ್ಲಿ ಪ್ರಕಟಿಸಿ ಹೆಸರುವಾಸಿಯಾದ ಚಿತ್ರಕಾರ ರೋಜರ್ ಟೋರಿ ಪೀಟರ್ಸನ್ನನು 1954ರಲ್ಲಿ ಓಲ್ಡ್ ಲೈಮಿಗೆ ಬಂದು ನೆಲಸಿದನು. ಆಗ ಆತನ ಮನೆಯ ಸುತ್ತಣ ಪ್ರದೇಶದಲ್ಲಿ ಸುಮಾರು 150 ಗೂಡುಗಳಿದ್ದುವು. ಕೆಲವೇ ವರ್ಷಗಳಲ್ಲಿ ಆತನು ಒಂದು ವಿಚಿತ್ರವನ್ನು ಕಂಡನು. ಹಕ್ಕಿಗಳು ವಸಂತದಲ್ಲಿ ಎಂದಿನಂತೆ ಮರಳುವುವು, ಗೂಡನ್ನು ಸರಿಪಡಿಸುವುವು, ಮೊಟ್ಟೆಯಿಡುವುವು, ಐದು ವಾರಗಳಿಗೂ ಮೀರಿ ಕಾವು ಕೊಡುವುವು. ಆದರೆ ಮರಿಗಳು ಮಾತ್ರ ಕಾಣವು.

ಮೊದಲ ಸಂಶಯವು ರಕೂನಿನ ಮೇಲೆ ಬಿದ್ದಿತು. ಗೂಡುಗಳನ್ನು ಸೂರೆಮಾಡುವ ಈ ನಿಶಾಚರ ಮೃಗಕ್ಕೆ ನೆಲದ ಮೇಲಿನ ಮೊಟ್ಟೆ ಸುಲಭದ ತುತ್ತು. ಆದಕಾರಣ 1950ರ ದಶಕದ ಕೊನೆಯಿಂದ ಪೀಟರ್ಸನ್ನನೂ ಆತನ ಜೊತೆಗಾರರೂ, ಅನಂತರ ಪೀಟರ್ ಏಮ್ಸ್ ಎಂಬ ತರುಣ ಸಂಶೋಧಕನೂ ಗ್ರೇಟ್ ಐಲೆಂಡಿನ ಕೆಸರಿನಲ್ಲಿ ಕಂಬಗಳನ್ನು ನೆಟ್ಟು ಅಟ್ಟಣೆಗಳನ್ನು ಕಟ್ಟಿದರು. ಅಟ್ಟಣೆಯ ರಚನೆ ಸರಳವಾದುದು: ಆಳುದ್ದಕ್ಕಿಂತ ಎತ್ತರದ ಕಂಬ, ಅದರ ತುದಿಯಲ್ಲಿ ಮೂರಡಿ ಚೌಕದ ಮರದ ತಟ್ಟೆ, ಮೃಗವು ಹತ್ತದಂತೆ ಕಂಬಕ್ಕೆ ಸುತ್ತಿದ ತಗಡು. ಹಕ್ಕಿಗಳಿಗೆ ಈ ಹೊಸ ಮನೆಗಳು ಒಪ್ಪಿಗೆಯಾದುವು. ರಕೂನಿನ ಕಾಟವೂ ತಗ್ಗಿತು. ಆದರೂ ಮೊಟ್ಟೆಗಳು ಒಡೆದು ಮರಿಗಳು ಬರಲಿಲ್ಲ. ಅಟ್ಟಣೆಗಳ ಮೊದಲ ಪ್ರಯೋಜನವು ಹಕ್ಕಿಯನ್ನು ಉಳಿಸಿದುದರಲ್ಲಿ ಇಲ್ಲ. ರಕೂನು ನಿರಪರಾಧಿಯಲ್ಲದಿದ್ದರೂ ಮುಖ್ಯ ಅಪರಾಧಿಯಲ್ಲವೆಂಬುದನ್ನು ಸ್ಥಾಪಿಸಿದುದರಲ್ಲಿದೆ.

ಮುಖ್ಯ ಅಪರಾಧಿಯು ಡಿ.ಡಿ.ಟಿ. 1939ರಲ್ಲಿ ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರನು ಇದರ ಕೀಟನಾಶಕ ಗುಣವನ್ನು ಕಂಡುಹಿಡಿದು, 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಈ ಗೌರವ ಅನುಚಿತವಾಗಿರಲಿಲ್ಲ. 1946ರಿಂದ ಮೊದಲುಗೊಂಡು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾಕ್ಟರ್ ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಯ ಗೋಡೆಗಳಿಗೆ ಇದನ್ನೇ ಸಿಂಪಡಿಸಿದಾಗ ಮಲೇರಿಯವು ತಗ್ಗಿದುದನ್ನು ಕನ್ನಡಿಗರು ಮರೆಯಲಾಗದು. ಗೋಡೆಗೆ ಬಳಿದ ಮದ್ದು ಬೇರೆ, ಜೌಗಿನ ಮೇಲೆ ವರ್ಷವರ್ಷವೂ ಸುರಿದ ಮದ್ದು ಬೇರೆ. ಲಾಂಗ್ ಐಲೆಂಡಿನ ಸುತ್ತಿನಲ್ಲಿ ಸೊಳ್ಳೆಯ ಕಾಟವನ್ನು ಕಳೆಯಲೆಂದು ಉಪ್ಪುಜೌಗುಗಳ ಮೇಲೆಲ್ಲ ಅದನ್ನು ಚೆಲ್ಲಲಾಯಿತು. ಈ ವಸ್ತುವು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ನಿಲ್ಲುವುದು. ಅಲ್ಲಿಯ ಒಂದು ಅಳಿವೆಯನ್ನು ಪರೀಕ್ಷಿಸಿ 1967ರಲ್ಲಿ ವುಡ್‌ವೆಲ್, ವುರ್ಸ್ಟರ್, ಐಸಾಕ್ಸನ್ ಎಂಬ ಮೂವರು ಪ್ರಕಟಿಸಿದ ಲೆಕ್ಕದಂತೆ, ನೀರಿನ ಸೂಕ್ಷ್ಮಜೀವಿಗಳಲ್ಲಿ ಹತ್ತು ಲಕ್ಷಕ್ಕೆ 0.04 ಭಾಗವಿದ್ದ ವಿಷವು ಮೀನು ತಿನ್ನುವ ಕಡಲಕ್ಕಿಯಲ್ಲಿ 75 ಭಾಗವಾಗಿದ್ದಿತು. ಅದೇ ವರ್ಷ ಇಂಗ್ಲೆಂಡಿನ ಡೆರೆಕ್ ರ‍್ಯಾಟ್‌ಕ್ಲಿಫನು ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿರುವುದನ್ನು ತೋರಿಸಿದನು. ವಿಷವು ತಾಯಿಯ ದೇಹದಲ್ಲಿ ಸುಣ್ಣದಂಶವು ಚಿಪ್ಪಿಗೆ ಸೇರದಂತೆ ತಡೆಯುತ್ತಿದ್ದಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ನುಗ್ಗಾಗುತ್ತಿದ್ದಿತು.

ಆದರೆ ಕನೆಕ್ಟಿಕಟ್ಟಿನ ಹಕ್ಕಿಗಳ ವಿಷಯದಲ್ಲಿ ದೋಷವು ಮೊಟ್ಟೆಯದೋ, ಕಾವು ಕೊಡುವ ತಾಯ್ತಂದೆಗಳದೋ ಎಂಬ ಪ್ರಶ್ನೆ ಉಳಿದಿದ್ದಿತು. ಇದಕ್ಕೆ ಉತ್ತರವನ್ನು ಕಂಡವನು ಪಾಲ್ ಸ್ಪಿಟ್ಜರ್. ದಕ್ಷಿಣದ ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯಲ್ಲಿ ಮೀನುಗಿಡುಗಗಳು ಇನ್ನೂ ಒಂದಿಷ್ಟು ಚೆನ್ನಾಗಿಯೇ ಮರಿಮಾಡುತ್ತಿದ್ದುವು. 1968 ಮತ್ತು 1969ರಲ್ಲಿ ಅಲ್ಲಿಯ ಮೊಟ್ಟೆಗಳನ್ನು ತಂದು ಕನೆಕ್ಟಿಕಟ್ಟಿನ ಗೂಡುಗಳಲ್ಲಿಯೂ, ಇಲ್ಲಿಯವನ್ನು ಒಯ್ದು ಅಲ್ಲಿಯ ಗೂಡುಗಳಲ್ಲಿಯೂ ಇರಿಸಲಾಯಿತು. ಮೇರಿಲ್ಯಾಂಡಿನ ಮೊಟ್ಟೆಗಳು ಕನೆಕ್ಟಿಕಟ್ಟಿನ ತಾಯಂದಿರ ಕಾವಿನಲ್ಲಿ ತಮ್ಮೂರಿನಲ್ಲಿದ್ದಂತೆಯೇ ಮರಿಯಾದುವು. ಕನೆಕ್ಟಿಕಟ್ಟಿನ ಮೊಟ್ಟೆಗಳೋ ಮೇರಿಲ್ಯಾಂಡಿನ ಆರೈಕೆಯಲ್ಲಿಯೂ ಉದ್ಧಾರವಾಗಲಿಲ್ಲ. ತಾಯಂದಿರು ನಿರ್ದೋಷಿಗಳು, ಕೆಟ್ಟುದು ಮೊಟ್ಟೆ. ಬಸಿರಾಗದ ಮನೆಯಲ್ಲಿ ಪರರ ಕೂಸು ಆಡಿದಂತೆ, ಆ ವರ್ಷಗಳಲ್ಲಿ ನದೀಮುಖದಿಂದ ಹಾರಿಹೋದ ಕೆಲವು ಮರಿಗಳು ಚೆಸಪೀಕಿನವು.

ಅತ್ತ ಸೌಂಡಿನ ಆಚೆಯ ದಡದಲ್ಲಿ ವಿಷಯವು ನ್ಯಾಯಾಲಯಕ್ಕೆ ಹೋಯಿತು. ಒಂದು ಕಾಲಕ್ಕೆ ಮುನ್ನೂರರಷ್ಟು ಗೂಡುಗಳಿದ್ದ ಗಾರ್ಡಿನರ್ಸ್ ದ್ವೀಪದಲ್ಲಿ ಹಕ್ಕಿಗಳ ಇಳಿಮುಖವನ್ನು 1948ರಿಂದ ಬರೆದಿಡುತ್ತ ಬಂದಿದ್ದ ಡೆನ್ನಿಸ್ ಪುಲೆಸ್ಟನ್ನನು, 1966ರಲ್ಲಿ ಸಫೋಕ್ ಪ್ರಾಂತದ ಸೊಳ್ಳೆನಿವಾರಣ ಮಂಡಲಿಯ ಮೇಲೆ ಹೂಡಿದ ವ್ಯಾಜ್ಯದಲ್ಲಿ ತನ್ನ ಕೈಯಿಂದಲೇ ಬರೆದ ಜಲವರ್ಣ ಚಿತ್ರಗಳನ್ನು ನ್ಯಾಯಾಧೀಶನ ಮುಂದಿಟ್ಟನು. ಸಿಂಪಡಿಕೆ ನಿಂತಿತು. 1972ರಲ್ಲಿ ದೇಶದಲ್ಲೆಲ್ಲ ಡಿ.ಡಿ.ಟಿ.ಯ ಸಾಮಾನ್ಯ ಬಳಕೆ ನಿಷಿದ್ಧವಾಯಿತು. ಆ ಹೊತ್ತಿಗೆ ಕನೆಕ್ಟಿಕಟ್ ಸಂಸ್ಥಾನದಲ್ಲಿ ಉಳಿದಿದ್ದ ಗೂಡುಗಳು ಹತ್ತನ್ನೂ ಮುಟ್ಟುವಂತಿರಲಿಲ್ಲ.

ಅಟ್ಟಣೆಗಳ ನಿಜವಾದ ಕಾಲವು ಆಮೇಲೆ ಬಂದಿತು. ನೀರು ತಿಳಿಯಾಯಿತು, ಆದರೆ ಕಡಲಂಚಿನ ಹಳೆಯ ಮರಗಳು ಹೋಗಿ ಮನೆಗಳು ಎದ್ದಿದ್ದುವು. ಮೀನುಗಿಡುಗವು ಹುಟ್ಟಿದ ಎಡೆಗೆ ಬಿಡದೆ ಮರಳುವ ಹಕ್ಕಿ; ಮರಿಯು ದಕ್ಷಿಣ ಅಮೇರಿಕದ ಕಡೆಯಲ್ಲಿ ಎರಡು ವರ್ಷ ಕಳೆದು ಬಂದು, ತನ್ನೂರಿನ ಬಳಿಯಲ್ಲಿಯೇ ಗೂಡಿಗೆ ಸ್ಥಳ ಹುಡುಕುವುದು. ಹಾಗೆ ಬಂದುವಕ್ಕೆ ಕಂಬಗಳು ಕಾದಿದ್ದುವು. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಗಸ್ ಬೆನ್ ಡೇವಿಡ್ ಎಂಬಾತನು 1970ರ ದಶಕದಿಂದ ಇಂಥ ಕಂಬಗಳನ್ನು ಸಾಲಾಗಿ ನೆಡಿಸಿದನು. ಪ್ರತಿ ಜೋಡಿಯೂ ವರ್ಷಕ್ಕೆ ಸರಾಸರಿ 0.8 ಮರಿಯನ್ನು ಹಾರಿಸಿದರೆ ಸಂತತಿ ಕುಂದದೆಂದು ಸ್ಪಿಟ್ಜರನು ಹಾಕಿದ ಲೆಕ್ಕ. ಈ ಅಳತೆಯನ್ನು ಹಕ್ಕಿಗಳು ದಾಟಿದುವು. ಕನೆಕ್ಟಿಕಟ್ಟಿನ ಗೂಡುಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಐದುನೂರನ್ನು ಮೀರಿದುವು. 1996ರಲ್ಲಿ ತೀರಿಕೊಂಡ ಪೀಟರ್ಸನ್ನನ ಹೆಸರನ್ನು ಗ್ರೇಟ್ ಐಲೆಂಡಿನ ವನ್ಯಪ್ರದೇಶಕ್ಕೆ ಇಡಲಾಯಿತು.

ಚೆಸಪೀಕಿನ ಕಥೆ ಹಾಗೆ ಸಾಗಲಿಲ್ಲ. 1973ರ ಎಣಿಕೆಯಲ್ಲಿ ಅಲ್ಲಿ ಸುಮಾರು 1,450 ಜೋಡಿಗಳಿದ್ದು, ಬಹುಪಾಲು ಗೂಡುಗಳು ಹಡಗುದಾರಿಯ ಗುರುತುಕಂಬಗಳೇ ಮೊದಲಾದ ಮನುಷ್ಯನಿರ್ಮಿತಿಗಳ ಮೇಲಿದ್ದುವು. ಮುಂದೆ ಸಂಖ್ಯೆಯೂ ಬೆಳೆಯಿತು. ಆದರೆ ಬ್ರಯನ್ ವಾಟ್ಸ್ ಎಂಬ ವಿದ್ವಾಂಸನು 2023ರಲ್ಲಿ ಮಾಬ್‌ಜ್ಯಾಕ್ ಕೊಲ್ಲಿಯಲ್ಲಿ ಕಂಡ ಮರಿಗಳ ಪ್ರಮಾಣವು 0.8ರ ಅರ್ಧಕ್ಕೂ ಕಡಿಮೆ. ಮೊಟ್ಟೆಗಳು ಗಟ್ಟಿಯಾಗಿಯೇ ಇದ್ದುವು, ಮರಿಗಳೂ ಹೊರಬಂದಿದ್ದುವು. ಹಸಿವಿನಿಂದ ಗೂಡಿನಲ್ಲಿಯೇ ಸತ್ತುವು. ಬೂತಾಯಿಗೆ ಸಮೀಪದ ಮೆನ್‌ಹೇಡನ್ ಎಂಬ ಮೀನು ಕೊಲ್ಲಿಯಲ್ಲಿ ವಿರಳವಾದುದೇ ಕಾರಣವೆಂದು ವಾಟ್ಸನ ವಾದ. ಎಣ್ಣೆಗೂ ಮೀನಹಿಟ್ಟಿಗೂ ಅದನ್ನು ಹಿಡಿಯುವ ಉದ್ಯಮದವರು ಒಪ್ಪುವುದಿಲ್ಲ. ಒಂದು ಕಾಲಕ್ಕೆ ಕನೆಕ್ಟಿಕಟ್ಟಿಗೆ ಮೊಟ್ಟೆಗಳನ್ನು ಕೊಟ್ಟ ಕೊಲ್ಲಿಯಲ್ಲಿ ಈ ವ್ಯಾಜ್ಯವು ಇನ್ನೂ ನಡೆದಿದೆ.