ಕಂಬಂ ಕಣಿವೆಯಲ್ಲಿ ಹೊರಗಿನವರು ಯಾರು?

1989ರ ಜನವರಿಯಲ್ಲಿ ತಮಿಳುನಾಡಿನ ಬೋಡಿನಾಯಕನೂರು ಕ್ಷೇತ್ರದ ಮತದಾರರ ಮುಂದೆ ಇಬ್ಬರು ನಟಿಯರು ಕೈಮುಗಿದು ನಿಂತಿದ್ದರು. ಒಬ್ಬರು ಜಯಲಲಿತಾ, ಇನ್ನೊಬ್ಬರು 'ವೆಣ್ಣಿರ ಆಡೈ' ನಿರ್ಮಲಾ. ಇಬ್ಬರೂ ತಮಿಳು ತೆರೆಗೆ ಬಂದದ್ದು 1965ರ ಅದೇ 'ವೆಣ್ಣಿರ ಆಡೈ' ಸಿನಿಮಾದಿಂದ. ಇಬ್ಬರ ಬಣವೂ ತಾನೇ ನಿಜವಾದ ಅಣ್ಣಾ ಡಿಎಂಕೆ ಎನ್ನುತ್ತಿತ್ತು. ಇಬ್ಬರೂ ತೀರಿಹೋದ ಎಂ.ಜಿ. ರಾಮಚಂದ್ರನ್ ಹೆಸರು ಹೇಳಿಯೇ ಮತ ಕೇಳುತ್ತಿದ್ದರು. ಚುನಾವಣಾ ಆಯೋಗವು 'ಎರಡೆಲೆ' ಚಿಹ್ನೆಯನ್ನು ಯಾರಿಗೂ ಕೊಡದೆ ತಡೆಹಿಡಿದಿತ್ತು. ಜಯಲಲಿತಾ ಬಣಕ್ಕೆ ಸಿಕ್ಕಿದ್ದು ಹುಂಜ, ಎಂಜಿಆರ್ ಪತ್ನಿ ಜಾನಕಿಯವರ ಬಣಕ್ಕೆ ಜೋಡಿ ಪಾರಿವಾಳ. ಜಾನಕಿ ಸ್ವತಃ ನಿಂತಿದ್ದು ಅಲ್ಲಿಂದ ದೂರವೇನಲ್ಲದ ಆಂಡಿಪಟ್ಟಿಯಲ್ಲಿ, ಗಂಡ ಕೊನೆಯ ಸಲ ಗೆದ್ದಿದ್ದ ಕ್ಷೇತ್ರದಲ್ಲಿ.

ಅಮೆರಿಕದಲ್ಲಿ ಇಂಥ ಜಗಳ ತೀರಿಸಲು ಬೇರೆಯೇ ಚುನಾವಣೆ ಇದೆ. ಪಕ್ಷದ ಅಭ್ಯರ್ಥಿ ಯಾರೆಂದು ಮೊದಲು ಪಕ್ಷದ ಮತದಾರರೇ ಆರಿಸುತ್ತಾರೆ, ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಅದರ ಚರಿತ್ರೆಯೇನೂ ಚೊಕ್ಕವಲ್ಲ. ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷವು 'ನಮ್ಮದು ಖಾಸಗಿ ಸಂಘ, ಸದಸ್ಯರು ಯಾರೆಂದು ನಾವೇ ತೀರ್ಮಾನಿಸುತ್ತೇವೆ' ಎಂಬ ನೆಪದಲ್ಲಿ ಕಪ್ಪು ಜನರನ್ನು ಪ್ರೈಮರಿಯಿಂದ ಹೊರಗಿಟ್ಟಿತ್ತು. ಅಲ್ಲಿ ಆ ಪಕ್ಷದ ಪ್ರೈಮರಿ ಗೆದ್ದವರೇ ಕೊನೆಗೂ ಗೆಲ್ಲುತ್ತಿದ್ದ ಕಾಲವದು. ಪ್ರೈಮರಿಯಲ್ಲಿ ಮತವಿಲ್ಲ ಎಂದರೆ ಮತವೇ ಇಲ್ಲ ಎಂದಂತೆ. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ನಡೆಯುವುದಿಲ್ಲ ಎಂದಿತು. ನಮ್ಮಲ್ಲಿ ಪ್ರೈಮರಿ ಎಂಬುದೇ ಇಲ್ಲ. ಟಿಕೆಟ್ ಹಂಚುವುದು ಮೇಲಿನವರು. ನಮ್ಮ ಕರಾವಳಿಯಲ್ಲೂ ಚುನಾವಣೆ ಹತ್ತಿರ ಬಂದಾಗ ಬಿಲ್ಲವರಿಗೆಷ್ಟು, ಬಂಟರಿಗೆಷ್ಟು, ಬ್ಯಾರಿಗಳಿಗೆ ಒಂದಾದರೂ ಸಿಗುತ್ತದೆಯೇ ಎಂದು ಹೋಟೆಲಿನ ಮೇಜಿನ ಮೇಲೆ ಲೆಕ್ಕ ಹಾಕುತ್ತೇವೆಯೇ ಹೊರತು, ಆ ಲೆಕ್ಕದಲ್ಲಿ ನಮ್ಮದೊಂದು ಮತ ಇರುವುದಿಲ್ಲ. ಹಾಗಾಗಿ ಪಕ್ಷದೊಳಗಿನ ವಾರಸುದಾರಿಕೆಯ ಜಗಳ ಕೆಲವೊಮ್ಮೆ ಸಾರ್ವತ್ರಿಕ ಚುನಾವಣೆಯ ಬೀದಿಗೇ ಬಂದು ಬೀಳುತ್ತದೆ. ಅಣ್ಣಾ ಡಿಎಂಕೆಯ ಮಟ್ಟಿಗೆ ಆ ಬೀದಿ ಮತ್ತೆ ಮತ್ತೆ ದಿಂಡಿಗಲ್, ತೇಣಿ, ಕಂಬಂ ಕಣಿವೆಯ ಕಡೆಗೇ ಬಂತು.

ಮೊದಲ ಸಲ 1973ರಲ್ಲಿ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಡಿಎಂಕೆಯಿಂದ ಹೊರಹಾಕಿಸಿಕೊಂಡ ಎಂಜಿಆರ್ ಹೊಸ ಪಕ್ಷ ಕಟ್ಟಿದ್ದರು. ದಿಂಡಿಗಲ್ ಲೋಕಸಭಾ ಕ್ಷೇತ್ರದ ಉಪಚುನಾವಣೆ ಮೇ 20ಕ್ಕೆ ನಿಗದಿಯಾಗಿತ್ತು. ಅಣ್ಣಾದುರೈ ಅವರ ನಿಜವಾದ ವಾರಸುದಾರ ಕರುಣಾನಿಧಿಯೋ ಎಂಜಿಆರೋ ಎಂಬುದನ್ನು ಆ ಮತಪೆಟ್ಟಿಗೆಯೇ ಹೇಳಬೇಕಿತ್ತು. ಎಂಜಿಆರ್ ಶ್ರೀಲಂಕಾದಲ್ಲಿ ಹುಟ್ಟಿದ ಮಲಯಾಳಿ. ತಮಿಳರ ಪಕ್ಷವನ್ನು ಒಡೆಯಲು ಬಂದ ಮಲಯಾಳಿ ಎಂಬ ಮಾತನ್ನು ಡಿಎಂಕೆಯವರು ಸಾಕಷ್ಟು ಬಳಸಿದರು. ವಿಚಿತ್ರವೆಂದರೆ ವರ್ಷಗಟ್ಟಲೆ ಅದೇ ಮಲಯಾಳಿಯ ಮುಖ ತೋರಿಸಿಯೇ ಡಿಎಂಕೆ ಮತ ಬೇಡಿತ್ತು. ಪಕ್ಷದೊಳಗೆ ಇರುವಷ್ಟು ದಿನ ಅಣ್ಣ, ತಮ್ಮ. ಹೊರಗೆ ಕಾಲಿಟ್ಟ ಮರುದಿನ ಪರದೇಶಿ.

ಎಂಜಿಆರ್ ಇದಕ್ಕೆ ಭಾಷಣದಲ್ಲಿ ಎಷ್ಟು ಉತ್ತರ ಕೊಟ್ಟರೋ, ಅದಕ್ಕಿಂತ ಹೆಚ್ಚನ್ನು ಅಭ್ಯರ್ಥಿಯ ಆಯ್ಕೆಯಲ್ಲಿ ಕೊಟ್ಟರು. ಅವರು ನಿಲ್ಲಿಸಿದ್ದು ವಕೀಲ ಕೆ. ಮಾಯತೇವರ್ ಅವರನ್ನು. ಆ ಸೀಮೆಯಲ್ಲಿ ಕಳ್ಳರ್, ಮರವರ್, ಅಗಮುಡಯರ್ ಎಂಬ ಮೂರು ಕುಲಗಳು ಸೇರಿ ಮುಕ್ಕುಲತ್ತೋರ್, ಅಂದರೆ ತೇವರ್ ಸಮುದಾಯ. ಮಾಯತೇವರ್ ಆ ಕೂಟದವರು. ನಾಯಕ ಹೊರಗಿನವನು ಎಂದು ಬೈದರೆ, ಅಭ್ಯರ್ಥಿ ನಿಮ್ಮ ಮನೆಯವನೇ ಎಂಬ ಜವಾಬು. ಚಿಹ್ನೆಗಳ ಪಟ್ಟಿಯಿಂದ ಎರಡೆಲೆಯನ್ನು ಆರಿಸಿಕೊಂಡವರೂ ಮಾಯತೇವರ್ ಅವರೇ.

ಇನ್ನೊಂದು ಅಸ್ತ್ರ ಸಿನಿಮಾ. ಎಂಜಿಆರ್ ನಿರ್ದೇಶಿಸಿದ 'ಉಲಗಂ ಸುಟ್ರುಂ ವಾಲಿಬನ್' ತೆರೆಗೆ ಬಂದದ್ದು ಮೇ 11ರಂದು, ಮತದಾನಕ್ಕೆ ಸರಿಯಾಗಿ ಒಂಬತ್ತು ದಿನ ಮೊದಲು. ಆ ಸಿನಿಮಾ ಬಿಡುಗಡೆಯಾದರೆ ತಾನು ಸೀರೆ ಉಡುತ್ತೇನೆ ಎಂದು ಡಿಎಂಕೆಯ ಮಧುರೈ ಮುತ್ತು ಸವಾಲು ಹಾಕಿದ್ದರೆಂಬ ಕತೆಯನ್ನು ಆ ಕಡೆಯ ಹಳಬರು ಈಗಲೂ ನಗುತ್ತಾ ಹೇಳುತ್ತಾರೆ. ಸಿನಿಮಾ ಓಡಿತು. ಮಾಯತೇವರ್ ಗೆದ್ದರು, ಸಂಸ್ಥಾ ಕಾಂಗ್ರೆಸ್ ಎರಡನೆಯದಾಯಿತು, ರಾಜ್ಯವಾಳುತ್ತಿದ್ದ ಡಿಎಂಕೆ ಮೂರನೇ ಸ್ಥಾನಕ್ಕೆ ಬಿತ್ತು. (ಅದೇ ಮಾಯತೇವರ್ 1980ರಲ್ಲಿ ಡಿಎಂಕೆ ಅಭ್ಯರ್ಥಿಯಾಗಿ ದಿಂಡಿಗಲ್‌ನಲ್ಲಿ ಗೆದ್ದರು. ರಾಜಕೀಯದಲ್ಲಿ ಎಲೆಗೂ ಬೇರಿಗೂ ಅಂಥ ನಂಟೇನಿಲ್ಲ.)

'ಮಲಯಾಳಿ' ಎಂಬ ಬೈಗುಳ ಇಲ್ಲಿ ಯಾಕೆ ತಾಗಲಿಲ್ಲ? ಎಂಜಿಆರ್ ಜನಪ್ರಿಯತೆಯೇ ಕಾರಣ ಎಂದು ಹೆಚ್ಚಿನವರು ಹೇಳುತ್ತಾರೆ. ಅದು ಸರಿಯೇ. ಆದರೆ ಈ ಸೀಮೆಯಲ್ಲಿ ಯಾರು ವಾಸವಾಗಿದ್ದಾರೆ ಎಂಬುದನ್ನೂ ನೋಡಬೇಕು. ಬೋಡಿನಾಯಕನೂರಿನ ಹೆಸರಿನಲ್ಲೇ ತೆಲುಗು ನಾಯಕರ ಪಾಳೆಯಪಟ್ಟು ಇದೆ. ಕಂಬಂ ಸುತ್ತ ಕನ್ನಡ ಮನೆಮಾತಿನ ಒಕ್ಕಲಿಗರಿದ್ದಾರೆ, ಕಪ್ಪಿಲಿಯರ್ ಎಂದೂ ಕರೆಯುತ್ತಾರೆ. ಶತಮಾನಗಳ ಹಿಂದೆ ದನಗಳೊಂದಿಗೆ ಮೈಸೂರು ಸೀಮೆಯಿಂದ ಇಳಿದು ಬಂದವರೆಂದು ಅವರದೇ ಐತಿಹ್ಯ. ಕಂಬಂನಲ್ಲಿ ಅವರ ದೇವರ ದನಗಳ ದೊಡ್ಡಿ ಇದೆ, 'ತಂಬಿರಾನ್ ಮಾಡು' ಎಂದು ಆ ದನಗಳಿಗೆ ಪೂಜೆ ಸಲ್ಲುತ್ತದೆ. ಉತ್ತಮಪಾಳಯಂ, ಕಂಬಂ ಪೇಟೆಗಳಲ್ಲಿ ತಮಿಳು ಮಾತಾಡುವ ರಾವುತ್ತರ್ ಮುಸ್ಲಿಮರು. ಹಾಜಿ ಕರುತ್ತ ರಾವುತ್ತರ್ 1956ರಲ್ಲಿ ಉತ್ತಮಪಾಳಯಂನಲ್ಲಿ ಕಟ್ಟಿದ ಕಾಲೇಜು ಇಂದಿಗೂ ನಡೆಯುತ್ತಿದೆ. ಘಾಟಿ ಹತ್ತಿದರೆ ಕುಮಳಿ, ಅಲ್ಲಿಂದಾಚೆ ಏಲಕ್ಕಿ ತೋಟಗಳ ಕೇರಳ. ಮನೆಯಲ್ಲೊಂದು ಭಾಷೆ, ಪೇಟೆಯಲ್ಲೊಂದು ಭಾಷೆ ಎಂಬುದು ಬ್ಯಾರಿಗಳಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. 'ನಿಮ್ಮದು ಮಲಯಾಳವೋ ತುಳುವೋ' ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಅಂಥ ಜನರ ನಡುವೆ ನಿಂತು 'ಅವರು ಹೊರಗಿನವರು' ಎಂದರೆ ಕೇಳುವವರಲ್ಲಿ ಅರ್ಧ ಜನ ತಮ್ಮ ಅಜ್ಜನ ಊರನ್ನು ನೆನೆಯುತ್ತಾರೆ.

ಹಾಗೆಂದು ಈ ಕಣಿವೆಯನ್ನು ಹೊಗಳುತ್ತಾ ಕೂರುವಂತಿಲ್ಲ. ಹುಟ್ಟೂರು ಕೇಳದ ಮತದಾರ ಜಾತಿ ಕೇಳದೆ ಬಿಡುವುದಿಲ್ಲ. ತೇವರ್ ಮತ್ತು ದಲಿತರ ನಡುವಿನ ಕಹಿ ಈ ಭಾಗದಲ್ಲಿ ಹಳೆಯದು, ಮತ್ತು ಎರಡು ದ್ರಾವಿಡ ಪಕ್ಷಗಳೂ ಟಿಕೆಟ್ ಕೊಡುವಾಗ ಸಂಖ್ಯೆಯಲ್ಲಿ ಬಲ ಇದ್ದವರನ್ನೇ ನೋಡಿದವು.

1987ರ ಡಿಸೆಂಬರ್ 24ರಂದು ಎಂಜಿಆರ್ ತೀರಿಕೊಂಡರು. ಶವಯಾತ್ರೆಯ ಗಾಡಿಯಿಂದ ಜಯಲಲಿತಾರನ್ನು ಕೆಳಗೆ ತಳ್ಳಿದ್ದನ್ನು ಇಡೀ ದೇಶ ನೋಡಿತು. ಜಾನಕಿ ಮುಖ್ಯಮಂತ್ರಿಯಾದರು, ವಿಧಾನಸಭೆಯಲ್ಲಿ ಹೊಡೆದಾಟವಾಗಿ, ತಿಂಗಳು ತುಂಬುವ ಮೊದಲೇ ರಾಷ್ಟ್ರಪತಿ ಆಳ್ವಿಕೆ ಬಂತು. ಪಕ್ಷ ಒಡೆದು ಎರಡಾಯಿತು. ಹೀಗೆ 1989ಕ್ಕೆ ಬಂದರೆ, ಒಬ್ಬರು ಕೇರಳದ ವೈಕಂನಲ್ಲಿ ಹುಟ್ಟಿದ ಜಾನಕಿ, ಇನ್ನೊಬ್ಬರು ನಮ್ಮ ಮಂಡ್ಯದ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಮಲಯಾಳಿ, ಕನ್ನಡತಿ, ಬ್ರಾಹ್ಮಣ ಹೆಂಗಸು ಎಂಬ ಮಾತುಗಳಿಗೆ ಎದುರಾಳಿಗಳಲ್ಲಿ ಕೊರತೆ ಇರಲಿಲ್ಲ. ಜಾನಕಿ ಬಣದ ಜೊತೆ ಶಿವಾಜಿ ಗಣೇಶನ್ ತಮ್ಮ ಹೊಸ ಪಕ್ಷದೊಂದಿಗೆ ಕೈಜೋಡಿಸಿದ್ದರು. ಅವರು ಅಪ್ಪಟ ತಮಿಳರು, ಮುಕ್ಕುಲತ್ತೋರ್ ಕೂಟದವರು. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಬೋಡಿಯಲ್ಲಿ ಜಯಲಲಿತಾ 25,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆಂಡಿಪಟ್ಟಿಯಲ್ಲಿ ಮತ ಒಡೆದು ಡಿಎಂಕೆ ಗೆದ್ದಿತು, ಜಾನಕಿ ಸೋತರು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಎಂಜಿಆರ್‌ರನ್ನು, ಒಂದು ಸಲವೂ ಪ್ರಚಾರಕ್ಕೆ ಬಾರದಿದ್ದರೂ, ವಿಡಿಯೊ ನೋಡಿ ಗೆಲ್ಲಿಸಿದ್ದ ಕ್ಷೇತ್ರವದು. ಎದುರಿಗೇ ಬಂದು ನಿಂತ ಅವರ ವಿಧವೆಯನ್ನು ಗೆಲ್ಲಿಸಲಿಲ್ಲ. ರಾಜ್ಯದಲ್ಲಿ ಹದಿಮೂರು ವರ್ಷಗಳ ಬಳಿಕ ಡಿಎಂಕೆ ಅಧಿಕಾರಕ್ಕೆ ಬಂತು. ಹುಂಜಕ್ಕೆ 27 ಸ್ಥಾನ. ಪಾರಿವಾಳಕ್ಕೆ ಎರಡಕ್ಕಿಂತ ಹೆಚ್ಚು ದಕ್ಕಲಿಲ್ಲ. ವಾರಸುದಾರರು ಯಾರೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಜಾನಕಿ ಹಿಂದೆ ಸರಿದರು, ಬಣಗಳು ಒಂದಾದವು, ಎರಡೆಲೆ ಮರಳಿ ಬಂತು. ಮಾರ್ಚಿನಲ್ಲಿ ಮರುಂಗಾಪುರಿ, ಮಧುರೈ ಪೂರ್ವ ಎರಡರಲ್ಲೂ ಅದೇ ಚಿಹ್ನೆ ಗೆದ್ದಿತು. ಸೋತು ಅಧಿಕಾರ ಕಳೆದುಕೊಂಡರೂ, ಆ ಪಕ್ಷದ ಬೆಂಬಲಿಗರು ತಮ್ಮ ನಾಯಕಿಯನ್ನು ತಾವೇ ಆರಿಸಿಕೊಂಡಿದ್ದರು. ಪ್ರೈಮರಿ ಎಂದರೆ ಇದೇ ಅಲ್ಲವೇ?

ಮೂರನೆಯ ಜಗಳದಲ್ಲಿ ಆ ಅವಕಾಶ ಸಿಗಲಿಲ್ಲ. ಪ್ರಧಾನ ಕಾರ್ಯದರ್ಶಿಯನ್ನು ಪ್ರಾಥಮಿಕ ಸದಸ್ಯರೇ ಆರಿಸಬೇಕು ಎಂಬ ನಿಯಮ ಎಂಜಿಆರ್ ಕಾಲದಿಂದಲೂ ಪಕ್ಷದ ಬೈಲಾದಲ್ಲಿತ್ತು. 2016ರಲ್ಲಿ ಜಯಲಲಿತಾ ತೀರಿಕೊಂಡ ಮೇಲೆ ಉಳಿದವರು ಪೆರಿಯಕುಳಂನ ಓ. ಪನ್ನೀರಸೆಲ್ವಂ ಮತ್ತು ಸೇಲಂನ ಎಡಪ್ಪಾಡಿ ಪಳನಿಸ್ವಾಮಿ. ಒಬ್ಬರು ದಕ್ಷಿಣದ ತೇವರ್, ಇನ್ನೊಬ್ಬರು ಪಶ್ಚಿಮದ ಗೌಂಡರ್. 2021ರಲ್ಲಿ ಪಳನಿಸ್ವಾಮಿ ಸರ್ಕಾರ ಚುನಾವಣೆಯ ಹೊಸ್ತಿಲಲ್ಲಿ ವನ್ನಿಯರಿಗೆ 10.5 ಶೇಕಡಾ ಒಳಮೀಸಲಾತಿ ತಂದಾಗ ದಕ್ಷಿಣದ ಸಮುದಾಯಗಳು ಮುನಿದವು. 2022ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆ ಊರ್ಜಿತವಲ್ಲ ಎಂದಿತು. ಪಕ್ಷದೊಳಗಿನ ಬಿರುಕು ಮಾತ್ರ ಮುಚ್ಚಲಿಲ್ಲ.

ಜುಲೈ 11ರಂದು ಸಾಮಾನ್ಯ ಮಂಡಳಿ ಸೇರಿ ಪನ್ನೀರಸೆಲ್ವಂರನ್ನು ಹೊರಹಾಕಿತು. ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲಲು ಹತ್ತು ಜಿಲ್ಲಾ ಕಾರ್ಯದರ್ಶಿಗಳ ಸೂಚನೆ, ಇನ್ನು ಹತ್ತು ಮಂದಿಯ ಅನುಮೋದನೆ ಬೇಕೆಂದು ನಿಯಮ ಮಾಡಿತು. ಸದಸ್ಯರ ಮತ ಕಾಗದದ ಮೇಲೆ ಹಾಗೆಯೇ ಇತ್ತು, ಬಾಗಿಲಲ್ಲಿ ಮಾತ್ರ ಕಾವಲು ಬಿತ್ತು. ಅಂತಿಮವಾಗಿ ಕೋರ್ಟುಗಳು ಮಂಡಳಿಯ ನಿರ್ಧಾರಕ್ಕೆ ಅಡ್ಡ ಬರಲಿಲ್ಲ. 2023ರ ಮಾರ್ಚ್ 28ರಂದು ಪಳನಿಸ್ವಾಮಿ ಅವಿರೋಧವಾಗಿ ಆಯ್ಕೆಯಾದರು. ಕಂಬಂನ ಸದಸ್ಯನೂ ಸೇಲಂನ ಸದಸ್ಯನೂ ಮತ ಹಾಕುವ ಪ್ರಸಂಗವೇ ಬರಲಿಲ್ಲ. ಮೊದಲ ಎರಡೆಲೆ ಗೆಲುವಿನ ಮಾಯತೇವರ್ ಈ ಜಗಳದ ನಡುವೆಯೇ, 2022ರ ಆಗಸ್ಟಿನಲ್ಲಿ ತೀರಿಕೊಂಡರು.

2024ರಲ್ಲಿ ಪನ್ನೀರಸೆಲ್ವಂ ರಾಮನಾಥಪುರದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ಎರಡೆಲೆ ಇಲ್ಲ, ಚಿಹ್ನೆ ಹಲಸಿನ ಹಣ್ಣು. ಮತಪತ್ರದಲ್ಲಿ ಓ. ಪನ್ನೀರಸೆಲ್ವಂ ಎಂಬ ಅದೇ ಹೆಸರಿನವರು ಇನ್ನೂ ಹಲವರು ಇದ್ದರು, ಯಾರ ಚಿತಾವಣೆಯೋ ಏನೋ. ಆದರೂ ಅವರು ಎರಡನೆಯವರಾದರು, ಎರಡೆಲೆಯ ಅಭ್ಯರ್ಥಿ ಅವರಿಗಿಂತ ಕೆಳಗಿದ್ದರು. ಗೆದ್ದವರು ಡಿಎಂಕೆ ಕೂಟದ ಮುಸ್ಲಿಂ ಲೀಗಿನ ನವಾಸ್ ಕನಿ.