‘ಸಾಧ್ಯವಿಲ್ಲ’ ಎಂಬುದಕ್ಕೂ ಪುರಾವೆ ಬೇಕು



ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಒಂದೊಂದು ವೈರ್‌ಲೆಸ್ ಸೆಟ್ ಇದೆಯೆಂದು ಭಾವಿಸಿ. ಮೂರಕ್ಕೂ ಒಂದೇ ತರಂಗಾಂತರ. ಗುಬ್ಬಿ ಮತ್ತು ಕುಣಿಗಲ್ ಒಟ್ಟಿಗೆ ಮಾತನಾಡಿದರೆ ತುಮಕೂರಿಗೆ ಕೇಳುವುದು ಬರೀ ಗದ್ದಲ. ಮೂರೇ ಸೆಟ್‌ಗಳಾದರೆ ಸರದಿ ಗೊತ್ತುಮಾಡಬಹುದು. ಸಾವಿರಾರು ಇದ್ದು, ಜಾಲದ ನಕ್ಷೆಯೇ ಯಾರಲ್ಲೂ ಇಲ್ಲದಿದ್ದರೆ ಒಂದು ಸುದ್ದಿ ಎಲ್ಲರಿಗೂ ಮುಟ್ಟಲು ಎಷ್ಟು ಸರದಿ ಬೇಕು?

1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಹವಾಯಿ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೋದಿಂದ ಜೋಡಿಸಿದರು. ಸಂದೇಶಗಳು ಡಿಕ್ಕಿಯಾದರೆ ಪ್ರತಿಯೊಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸುವುದು ಅವರ ಉಪಾಯ. 1987ರಲ್ಲಿ ಬಾರ್-ಯೆಹುದಾ, ಗೋಲ್ಡ್‌ರೈಖ್ ಮತ್ತು ಇಟಾಯ್ ಎಂಬ ಮೂವರು, ಪ್ರತಿ ಕೇಂದ್ರವೂ ನಾಣ್ಯ ಚಿಮ್ಮಿದಂತೆ ‘ಮುಂದುವರಿಸಲೇ, ನಿಲ್ಲಿಸಲೇ’ ಎಂದು ನಿರ್ಧರಿಸಿದರೆ ಸುದ್ದಿ ಬಹುಬೇಗ ಹರಡುತ್ತದೆಂದು ತೋರಿಸಿದರು.

ಇದಕ್ಕಿಂತ ಬೇಗ ಆಗದೇ? ‘ಆಗದು’ ಎನ್ನಲು ಒಂದು ವಿಧಾನ ಸೋತರೆ ಸಾಲದು. ಯಾವುದೇ ವಿಧಾನ ತಂದರೂ ಅದನ್ನು ಸತಾಯಿಸುವ ಒಂದು ಜಾಲ ಇದೆಯೆಂದು ತೋರಿಸಬೇಕು. ಇದನ್ನೇ ಕೆಳಮಿತಿಯ ಸಾಧನೆ ಎನ್ನುತ್ತಾರೆ. 1991ರಲ್ಲಿ ಅಲೋನ್, ಬಾರ್-ನೋಯ್, ಲಿನಿಯಲ್, ಪೆಲೆಗ್ ಅವರು, ಎರಡೇ ಹೆಜ್ಜೆ ದೂರದ ಜಾಲಗಳಲ್ಲೂ, ನಕ್ಷೆ ಪೂರ್ತಿ ಕೈಯಲ್ಲಿದ್ದರೂ, ಕೆಲವು ಕಡೆ ಕೇಂದ್ರಗಳ ಸಂಖ್ಯೆಯ ಲಾಗರಿದಮ್ಮಿನ ವರ್ಗದ ಪ್ರಮಾಣದಲ್ಲಿ ಸರದಿಗಳು ಬೇಕೇ ಬೇಕೆಂದು ಸಾಧಿಸಿದರು.

ಮೊದಲು ಹೇಳಿದ ಮೂವರು ಇನ್ನೊಂದು ಮಾತನ್ನೂ ಹೇಳಿದ್ದರು: ನಾಣ್ಯದ ನೆರವಿಲ್ಲದೆ ಹೋದರೆ, ಕೇಂದ್ರಗಳು ಹೆಚ್ಚಿದಷ್ಟೂ ಕಾಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಈ ಪ್ರಬಂಧ 1992ರಲ್ಲಿ ಪತ್ರಿಕೆಯಲ್ಲೂ ಅಚ್ಚಾಯಿತು. ಹತ್ತು ವರ್ಷಗಳ ಬಳಿಕ, 2002ರಲ್ಲಿ, ಕೊವಾಲ್ಸ್ಕಿ ಮತ್ತು ಪೆಲ್ಟ್ಸ್ ಆ ವಾದದಲ್ಲೊಂದು ಸೂಕ್ಷ್ಮ ದೋಷ ಕಂಡರು. ಅದೇ ಜಾಲಗಳಲ್ಲಿ ನಾಣ್ಯವಿಲ್ಲದೆಯೇ ಲಾಗರಿದಮ್ಮಿನಷ್ಟು ಕಾಲದಲ್ಲಿ ಸುದ್ದಿ ಹರಡಿ ತೋರಿಸಿದರು! ಡಿಕ್ಕಿಯಾದಾಗ ಕೇಳುಗನಿಗೆ ಏನು ಕೇಳಿಸುತ್ತದೆ ಎಂಬ ಸಣ್ಣ ಊಹೆಯ ಮೇಲೆ ಇಡೀ ವಾದ ನಿಂತಿತ್ತು. ಮೂಲ ಲೇಖಕರೂ ತಿದ್ದುಪಡಿ ಪ್ರಕಟಿಸಿದರು.

ಗಮನಿಸಿ, ಆ ಇಬ್ಬರು ತಪ್ಪು ತೋರಿಸಿ ಸುಮ್ಮನಾಗಲಿಲ್ಲ. ಬೇರೆ ಜಾಲಗಳನ್ನು ಕಟ್ಟಿ, ನಾಣ್ಯವಿಲ್ಲದವರಿಗೆ ಕನಿಷ್ಠ ಕೇಂದ್ರಗಳ ಸಂಖ್ಯೆಯ ನಾಲ್ಕನೇ ಮೂಲದ ಪ್ರಮಾಣದಷ್ಟು ಕಾಲ ಬೇಕೆಂದು ಸಾಧಿಸಿದರು. ನಾಣ್ಯದ ಮೇಲುಗೈ ಉಳಿಯಿತು. ಈ ಬಾರಿ ಸರಿಯಾದ ಪುರಾವೆಯೊಂದಿಗೆ.

‘ಈ ಊರಿನ ಮಕ್ಕಳಿಗೆ ಗಣಿತ ಹತ್ತದು’, ‘ಸರ್ಕಾರಿ ಶಾಲೆಯವರಿಗೆ ಸಂಶೋಧನೆ ಸಾಧ್ಯವಿಲ್ಲ’ ಎಂಬ ಮಾತುಗಳನ್ನು ನೀವೂ ಕೇಳಿರುತ್ತೀರಿ. ಅವೂ ಒಂದು ಬಗೆಯ ಕೆಳಮಿತಿಗಳೇ, ಆದರೆ ಪುರಾವೆಯಿಲ್ಲದವು. ಯಾರೇ ‘ಆಗದು’ ಎಂದರೂ, ಯಾವ ಊಹೆಯ ಮೇಲೆ ಹೇಳುತ್ತಿದ್ದೀರಿ ಎಂದು ವಿನಯದಿಂದ ಕೇಳಿ. ಆಮೇಲೆ ಕಾಗದ, ಪೆನ್ಸಿಲ್ ಹಿಡಿದು ನೀವೇ ಪರೀಕ್ಷಿಸಿ ನೋಡಿ.